ಹಾಡಿನ ಹುಟ್ಟೂರು, ಹಾಡಿನ ಋಣ

ಒಂದೇ ಹಾಡನ್ನು ಹಲವರು ಹಾಡಿರುವಾಗ ಅವುಗಳಲ್ಲಿ ಯಾವುದು ಮೇಲೆಂದು ವಾದಿಸುವುದು ಸಂಗೀತರಸಿಕರ ಚಿರಂತನ ವಿನೋದಗಳಲ್ಲೊಂದು. ಅದರಿಂದ ಯಾರಿಗೂ ಹಾನಿಯಿಲ್ಲ. ಅರೆಗಿವಿಯಲ್ಲಿ ಕೇಳಿ ಬಿಟ್ಟದ್ದನ್ನು ಮತ್ತೊಮ್ಮೆ ಎಚ್ಚರದಿಂದ ಕೇಳುವಂತಾಗುವ ಲಾಭವೂ ಉಂಟು. ಆದರೆ ಅಮೆರಿಕದ ಲೂಯಿಸಿಯಾನಾ ಪ್ರಾಂತದ ಜೌಗುನೆಲದ ಹೆಸರನ್ನು ಹೊತ್ತು ‘ಸ್ವಾಂಪ್ ರಾಕ್’ ಎಂದು ಖ್ಯಾತವಾಗಿರುವ, ಬ್ಲೂಸ್ ಮೂಲದ ಗೀತೆಗಳ ವಿಷಯ ಬಂದಾಗ ಈ ವಾದವು ಬಲುಬೇಗ ಸಂಗೀತವನ್ನು ಬಿಟ್ಟು ವಂಶಾವಳಿಯ ಕಡೆಗೆ ಹೊರಳುತ್ತದೆ: ಹಾಡಿದವನು ಆ ಕೆಸರನ್ನು ತುಳಿದು ಬೆಳೆದವನೇ, ಇಲ್ಲವೆ ಎಲ್ಲಿಯೋ ದೂರದಲ್ಲಿ ಕುಳಿತು ಅದನ್ನು ಕಲ್ಪಿಸಿಕೊಂಡವನೇ? ಈ ಪ್ರಶ್ನೆ ನಿರರ್ಥಕವೆಂದೂ, ಇದರ ಗದ್ದಲದಲ್ಲಿ ಅವಶ್ಯವಾಗಿ ಕೇಳಬೇಕಾದ ಇನ್ನೊಂದು ಪ್ರಶ್ನೆ, ಹಾಡು ಯಾರ ಕೈಯಿಂದ ಹುಟ್ಟಿತು, ಅವರಿಗೆ ಸಲ್ಲಬೇಕಾದದ್ದು ಸಂದಿತೇ ಎಂಬುದು, ಮರೆಯಾಗುತ್ತಿದೆಯೆಂದೂ ನನ್ನ ಅಭಿಪ್ರಾಯ. ‘ಸೂಸಿ ಕ್ಯೂ’ ಎಂಬ ಗೀತೆಯ ಚರಿತ್ರೆ ಈ ಎರಡು ಮಾತುಗಳಿಗೂ ಸಾಕ್ಷಿಯಾಗಿದೆ.

ಈ ಗೀತೆ ಮೊದಲು ಧ್ವನಿಮುದ್ರಿತವಾದದ್ದು 1957ರಲ್ಲಿ, ಲೂಯಿಸಿಯಾನಾದ ವಾಯವ್ಯದ ಶ್ರೀವ್‌ಪೋರ್ಟ್ ನಗರದ ಕೆ.ಡಬ್ಲ್ಯು.ಕೆ.ಎಚ್. ರೇಡಿಯೊ ನಿಲಯದಲ್ಲಿ. ಹಾಡಿದವರು ಡೇಲ್ ಹಾಕಿನ್ಸ್. ಪ್ರಕಟಿಸಿದ್ದು ಷಿಕಾಗೋದ ಚೆಸ್ ಸಂಸ್ಥೆಯ ಅಂಗವಾದ ಚೆಕರ್. ಕರಿಯ ಜನಾಂಗದ ಬ್ಲೂಸ್ ಗಾಯಕರಿಗೆ ನೆಲೆಯಾಗಿದ್ದ ಆ ಸಂಸ್ಥೆಯಿಂದ ಒಬ್ಬ ಬಿಳಿಯ ತರುಣನ ಹಾಡು ಹೊರಬಂದದ್ದೇ ಆ ಕಾಲಕ್ಕೆ ಅಪೂರ್ವವಾದ ಸಂಗತಿ. ಅದಕ್ಕಿಂತ ಅಪೂರ್ವವಾದದ್ದು, ಅದು ಬಿಲ್‌ಬೋರ್ಡ್ ಪತ್ರಿಕೆಯ ಪಾಪ್ ಪಟ್ಟಿಯಲ್ಲಿ 27ನೆಯ ಸ್ಥಾನಕ್ಕೆ ನಿಂತರೂ, ಮುಖ್ಯವಾಗಿ ಕರಿಯ ಶ್ರೋತೃಗಳ ಅಭಿರುಚಿಯನ್ನು ಸೂಚಿಸುತ್ತಿದ್ದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 7ನೆಯ ಸ್ಥಾನದವರೆಗೆ ಏರಿದ್ದು. ಆ ಶ್ರೋತೃಗಳು ಗಾಯಕನ ಮೈಬಣ್ಣವನ್ನಾಗಲಿ ಕುಲಗೋತ್ರವನ್ನಾಗಲಿ ವಿಚಾರಿಸದೆ ಹಾಡನ್ನು ಹಾಡಾಗಿಯೇ ಸ್ವೀಕರಿಸಿದರು.

ಗೀತೆಯಲ್ಲಿ ಸಾಹಿತ್ಯವೆಂಬುದು ಹೆಸರಿಗೆ ಮಾತ್ರ ಇದೆ. ಒಬ್ಬ ತರುಣಿಯ ಹೆಸರು, ಆಕೆಯ ನಡೆನುಡಿಗಳ ಪ್ರಶಂಸೆ, ಆಕೆಯ ಮೇಲಿನ ಮೋಹದ ಪುನರುಕ್ತಿ, ಇಷ್ಟೆ. ರಾಗವೂ ನಾಲ್ಕಾರು ಸ್ವರಗಳ ಆವರಣವನ್ನು ದಾಟಿ ಹೋಗುವುದಿಲ್ಲ. ಆದರೂ ಅದನ್ನು ಒಮ್ಮೆ ಕೇಳಿದವರು ಮರೆಯದಿರುವುದಕ್ಕೆ ಕಾರಣ, ಆರಂಭದಲ್ಲಿಯೇ ಬಂದು, ಹಾಡಿನುದ್ದಕ್ಕೂ ಬಿಡದೆ ಆವರ್ತಿಸುವ ಗಿಟಾರಿನ ಒಂದು ಚಿಕ್ಕ ಸ್ವರಗುಚ್ಛ, ರಸಿಕರು ರಿಫ್ ಎಂದು ಕರೆಯುವ ವಸ್ತು. ಮಂದ್ರದ ತಂತಿಯೊಂದು ಕೆಳಗೆ ಬಿಡದೆ ಮಿಡಿಯುತ್ತಿರಲು, ಮೇಲಿನ ತಂತಿಗಳಲ್ಲಿ ಸ್ವರಗಳು ಜಾರಿ, ಬಾಗಿ, ಮತ್ತೆ ಆ ಮಂದ್ರಕ್ಕೇ ಬಂದು ಸೇರುತ್ತವೆ. ಲಯವು ಮುಂದಕ್ಕೆ ಓಡುವುದಕ್ಕಿಂತ ಇದ್ದಲ್ಲಿಯೇ ತೂಗುತ್ತಿರುವಂತೆ ಭಾಸವಾಗುತ್ತದೆ. ಇದನ್ನು ನುಡಿಸಿದವರು ಜೇಮ್ಸ್ ಬರ್ಟನ್. ಆಗ ಅವರ ವಯಸ್ಸು 17. ಮುಂದೆ ಗಾಯಕ ರಿಕಿ ನೆಲ್ಸನ್ ಅವರ ಜೊತೆಗೂ, 1969ರಿಂದ ಎಲ್ವಿಸ್ ಪ್ರೆಸ್ಲಿಯವರ ಜೊತೆಗೂ ನುಡಿಸಿ ಜಗತ್ಪ್ರಸಿದ್ಧರಾದ ಈ ವಾದಕರ ಸಂಪೂರ್ಣ ಸತ್ವವು ಆ ಎರಡು ನಿಮಿಷಗಳ ಮುದ್ರಣದಲ್ಲಿಯೇ ಗೋಚರವಾಗಿದೆ.

ಏಳು ವರ್ಷಗಳ ತರುವಾಯ, 1964ರಲ್ಲಿ, ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡದವರು ಇದನ್ನು ಎತ್ತಿಕೊಂಡರು. ಅವರ ಪಾಠವು ಎರಡು ನಿಮಿಷಕ್ಕೂ ಕಡಿಮೆ. ಮೂಲದಲ್ಲಿದ್ದ ತೂಗುವಿಕೆಯ ಜಾಗದಲ್ಲಿ ಆತುರವಿದೆ, ಮೋಹದ ಜಾಗದಲ್ಲಿ ತುಂಟತನವಿದೆ. ಅದೇ ವರ್ಷ ಅವರು ಲೂಯಿಸಿಯಾನಾದ ಬ್ಲೂಸ್ ಗಾಯಕ ಸ್ಲಿಮ್ ಹಾರ್ಪೊ ಅವರ ‘ಐ ಆಮ್ ಎ ಕಿಂಗ್ ಬೀ’ ಎಂಬ 1957ರ ಗೀತೆಯನ್ನೂ ತಮ್ಮ ಪ್ರಥಮ ಆಲ್ಬಮ್ಮಿನಲ್ಲಿ ಹಾಡಿದ್ದರು. ಇದನ್ನು ಕುರಿತು ತಂಡದ ಗಾಯಕ ಮಿಕ್ ಜಾಗರ್ ಅವರೇ 1968ರ ಸಂದರ್ಶನವೊಂದರಲ್ಲಿ, ಸ್ಲಿಮ್ ಹಾರ್ಪೊ ಹಾಡಿರುವುದು ಕೇಳಲು ಸಿಗುವಾಗ ತಾವು ಹಾಡಿದ್ದನ್ನು ಕೇಳುವುದರಲ್ಲಿ ಅರ್ಥವೇನು ಎಂಬ ಭಾವದ ಮಾತನ್ನಾಡಿದರು. ವಿನಯದ ಮಾತಾಗಿ ಅದು ಸುಂದರವಾಗಿದೆ. ವಿಮರ್ಶೆಯ ಸೂತ್ರವಾಗಿ ಅದನ್ನು ಒಪ್ಪಲಾಗದು. ಅದನ್ನು ಒಪ್ಪಿದಲ್ಲಿ ಎರಡನೆಯ ಸಲ ಹಾಡಿದ ಹಾಡೆಲ್ಲವೂ ವ್ಯರ್ಥವೆಂದಾಗುತ್ತದೆ. ಆ ಸೂತ್ರವು ಸುಳ್ಳೆಂಬುದು, ಜಾಗರ್ ಹಾಗೆ ನುಡಿದ ವರ್ಷದಲ್ಲಿಯೇ, ಅದೇ ‘ಸೂಸಿ ಕ್ಯೂ’ವಿನಿಂದಲೇ ಸಿದ್ಧವಾಯಿತು.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದ ದಡದಲ್ಲಿ ಎಲ್ ಸೆರಿಟೊ ಎಂಬ ಊರಿದೆ. ಅಲ್ಲಿನ ಶಾಲಾ ಗೆಳೆಯರು ಕೂಡಿ ಕಟ್ಟಿದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡವು 1968ರಲ್ಲಿ ತನ್ನ ಮೊದಲ ಆಲ್ಬಮ್ಮಿಗಾಗಿ ಈ ಹಾಡನ್ನು ಎಂಟೂವರೆ ನಿಮಿಷಗಳಿಗೂ ಮೀರಿ ಹಿಗ್ಗಿಸಿತು. ತಂಡದ ನಾಯಕ ಜಾನ್ ಫೋಗರ್ಟಿಯವರು ಇದಕ್ಕೆ ಕೊಟ್ಟಿರುವ ಕಾರಣ ಕಲಾತತ್ವಕ್ಕೆ ಸೇರಿದ್ದಲ್ಲ, ವ್ಯವಹಾರಕ್ಕೆ ಸೇರಿದ್ದು: ದೀರ್ಘವಾದ ಹಾಡುಗಳನ್ನು ಬಿತ್ತರಿಸುತ್ತಿದ್ದ ಕೆ.ಎಂ.ಪಿ.ಎಕ್ಸ್. ಎಂಬ ಸ್ಥಳೀಯ ಎಫ್.ಎಂ. ನಿಲಯದಲ್ಲಿ ತಮ್ಮ ಹಾಡೂ ಬರಬೇಕೆಂಬುದು ಅವರ ಆಸೆ. ವ್ಯವಹಾರದ ಉದ್ದೇಶದಿಂದ ಹೊರಟದ್ದು ಕಲೆಯಾಗಿ ಪರಿಣಮಿಸಿತು. ಬರ್ಟನ್ನರ ಸ್ವರಗುಚ್ಛವನ್ನು ಅವರು ನಿಧಾನಗೊಳಿಸಿದರು. ತಾಳವಾದ್ಯವು ಅವಸರವಿಲ್ಲದೆ, ಒಂದೇ ಸಮನೆ, ಹೆಜ್ಜೆ ಬದಲಿಸದೆ ನಡೆಯಿತು. ಗಿಟಾರಿನ ನಾದವು ಕಂಪಿಸಿ, ಚೀರಿ, ಅಡಗಿ, ಮತ್ತೆ ಮೇಲೆದ್ದಿತು. ಕೊನೆಯ ಭಾಗದಲ್ಲಿ ಕಂಠಧ್ವನಿಯೇ ಹಳೆಯ ಟೆಲಿಫೋನಿನೊಳಗಿಂದ ಬಂದಂತೆ ಕೃಶವಾಯಿತು. ಒಂದೇ ಕಡೆ ನಿಂತು ಹುದುಗುವ ನೀರಿನ ಭಾವವು ಮೂಲ ಗೀತೆಯಲ್ಲಿ ಸೂಚನೆಯಾಗಿದ್ದರೆ ಇಲ್ಲಿ ಅದೇ ಸ್ಥಾಯಿಯಾಯಿತು. ಎರಡು ಭಾಗಗಳಾಗಿ ಕತ್ತರಿಸಿ ಪ್ರಕಟಿಸಿದ ಈ ಹಾಡು ಪಾಪ್ ಪಟ್ಟಿಯಲ್ಲಿ 11ನೆಯ ಸ್ಥಾನವನ್ನು ಮುಟ್ಟಿ, ಮೂಲವನ್ನು ಹಿಂದಿಕ್ಕಿತು.

ಇಲ್ಲಿಂದ ಮುಂದೆ ವಂಶಾವಳಿಯ ಆಕ್ಷೇಪ ಆರಂಭವಾಗುತ್ತದೆ. ಫೋಗರ್ಟಿಯವರು ಕ್ಯಾಲಿಫೋರ್ನಿಯಾದವರು, ಮರುವರ್ಷ ಬಂದ ‘ಬಾರ್ನ್ ಆನ್ ದ ಬಾಯೂ’ ಗೀತೆಯಲ್ಲಿ ಅವರು ಕಟ್ಟಿದ ಲೂಯಿಸಿಯಾನಾದ ಬಾಲ್ಯವು ಚಲನಚಿತ್ರಗಳಿಂದಲೂ ಧ್ವನಿಮುದ್ರಿಕೆಗಳಿಂದಲೂ ಎತ್ತಿಕೊಂಡ ಕಲ್ಪನೆಯೇ ಹೊರತು ಅನುಭವವಲ್ಲ. ಆದಕಾರಣ ಅವರ ಜೌಗುನೆಲ ಕೃತಕವಾದದ್ದು, ಹಾಕಿನ್ಸ್ ಅವರದು ಸಹಜವಾದದ್ದು, ಎಂಬುದು ಆಕ್ಷೇಪದ ಸಾರ. ಆದರೆ ಇದೇ ನ್ಯಾಯವನ್ನು ಕೊನೆಯವರೆಗೆ ನಡೆಸಿದಲ್ಲಿ ಹಾಕಿನ್ಸ್ ಅವರಿಗೂ ಉಳಿಗಾಲವಿಲ್ಲ. ಶ್ರೀವ್‌ಪೋರ್ಟ್ ನಗರವು ಟೆಕ್ಸಾಸ್ ಗಡಿಯ ಬಳಿ, ನ್ಯೂ ಆರ್ಲೀನ್ಸಿನಿಂದ ಸುಮಾರು 500 ಕಿಲೋಮೀಟರು ದೂರದಲ್ಲಿ, ರೆಡ್ ನದಿಯ ದಂಡೆಯಲ್ಲಿದೆ. ರಸಿಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವ ಮೊಸಳೆಗಳ, ಜೋಲುಪಾಚಿಯ ಮರಗಳ ದಕ್ಷಿಣ ಲೂಯಿಸಿಯಾನಾ ಅದಲ್ಲ. ಆ ಊರಿನ ಬಿಳಿಯ ಯುವಕರು ಹಾಡಿದ್ದು ಮಿಸಿಸಿಪಿಯಿಂದ ಷಿಕಾಗೋಗೆ ಹೋದ ಕರಿಯ ಗಾಯಕರ ಬ್ಲೂಸನ್ನು, ರೇಡಿಯೊದಲ್ಲಿಯೂ ತಟ್ಟೆಗಳಲ್ಲಿಯೂ ಕೇಳಿ ಕಲಿತು. ಕಿವಿಯಿಂದ ಕಲಿತದ್ದು ಕೃತಕವೆಂದಾದರೆ ಇಬ್ಬರದೂ ಕೃತಕವೇ. ಅಲ್ಲವೆಂದಾದರೆ ಇಬ್ಬರದೂ ಸಹಜವೇ. ಹುಟ್ಟಿನಿಂದ ಬರುವುದು ಉಚ್ಚಾರಣೆ ಮಾತ್ರ. ಲಯವು ಅಭ್ಯಾಸದಿಂದ ಬರತಕ್ಕದ್ದು. 1979ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೊಲ ಅವರು ತಮ್ಮ ‘ಅಪೊಕ್ಯಾಲಿಪ್ಸ್ ನೌ’ ಚಿತ್ರದಲ್ಲಿ ವಿಯೆಟ್ನಾಮಿನ ನದೀತೀರದ ಸೈನಿಕರ ಮುಂದೆ ಈ ಹಾಡನ್ನು ವಾದ್ಯತಂಡವೊಂದರಿಂದ ಹಾಡಿಸಿದಾಗ, ಪ್ರೇಮಗೀತೆಯು ಯುದ್ಧದ ಉನ್ಮಾದಕ್ಕೆ ಹಿಮ್ಮೇಳವಾಗಿ, ಲೂಯಿಸಿಯಾನಾದ ಹಂಗನ್ನು ಪೂರ್ತಿಯಾಗಿ ಹರಿದುಕೊಂಡಿತು.

ಹಾಗಾದರೆ ಹಾಡಿಗೆ ಯಾರ ಹಂಗೂ ಇಲ್ಲವೇ? ಇದೆ, ಅದು ಭೂಮಿಯ ಹಂಗಲ್ಲ, ಕರ್ತೃವಿನದು. ‘ಸೂಸಿ ಕ್ಯೂ’ ಗೀತೆಯ ಕರ್ತೃಗಳೆಂದು ಮುದ್ರಿತವಾಗಿರುವ ಹೆಸರುಗಳು ಮೂರು: ಹಾಕಿನ್ಸ್, ಶ್ರೀವ್‌ಪೋರ್ಟಿನ ರೆಕಾರ್ಡು ಅಂಗಡಿಯ ಮಾಲೀಕರೂ ಹಾಕಿನ್ಸ್ ಅವರಿಗೆ ಕೆಲಸ ಕೊಟ್ಟಿದ್ದವರೂ ಆದ ಸ್ಟ್ಯಾನ್ ಲೂಯಿಸ್, ಮತ್ತು ರೇಡಿಯೊ ನಿರೂಪಕರೊಬ್ಬರ ಪತ್ನಿ. ತಟ್ಟೆಯನ್ನು ಮಾರುವವರಿಗೂ ಬಿತ್ತರಿಸುವವರಿಗೂ ಕರ್ತೃತ್ವದಲ್ಲಿ ಪಾಲು ಕೊಡುವುದು ಆ ಕಾಲದ ವ್ಯಾಪಾರದ ಪದ್ಧತಿಯಾಗಿತ್ತು. ಸ್ವರಗುಚ್ಛವು ತಾವು ಅದಕ್ಕೂ ಮುಂಚೆಯೇ ರಚಿಸಿಕೊಂಡಿದ್ದ ವಾದ್ಯಕೃತಿಯಿಂದ ಬಂದದ್ದೆಂದು ಬರ್ಟನ್ ಹೇಳುತ್ತ ಬಂದಿದ್ದರೂ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಸ್ಟೋನ್ಸ್ ಅದನ್ನು ಅವಸರಿಸಿದರು, ಫೋಗರ್ಟಿ ಅದನ್ನು ವಿಸ್ತರಿಸಿದರು, ಚಿತ್ರತಂಡವು ಅದನ್ನು ಕಾಡಿಗೆ ಕೊಂಡೊಯ್ದಿತು. ಎಲ್ಲರೂ ಬಿಡದೆ ಉಳಿಸಿಕೊಂಡ ಒಂದೇ ಒಂದು ಅಂಶದ ಕರ್ತೃವಿಗೆ ಮಾತ್ರ ಕರ್ತೃವೆಂಬ ಹೆಸರಿಲ್ಲ. ನಮ್ಮ ದಾಸರ ಪದಗಳು ಮೂಲದ ಧಾಟಿಯನ್ನು ಕಳೆದುಕೊಂಡು, ಒಬ್ಬೊಬ್ಬ ಗಾಯಕರ ಬಾಯಲ್ಲಿ ಒಂದೊಂದು ರಾಗವನ್ನುಟ್ಟು ಬಂದರೂ, ಕೊನೆಯ ಚರಣದ ಅಂಕಿತವು ಹಾಡು ಯಾರದೆಂಬುದನ್ನು ಹಾಡಿನೊಳಗಿನಿಂದಲೇ ಸಾರುತ್ತದೆ. ಗಿಟಾರಿನ ಸ್ವರಗುಚ್ಛಕ್ಕೆ ಅಂತಹ ಅಂಕಿತವಿಲ್ಲದಿರುವುದರಿಂದ ಆ ಕೆಲಸವನ್ನು ಹೊರಗಿನವರೇ, ಎಂದರೆ ಪ್ರಕಾಶಕರೂ ರಸಿಕರೂ, ಮಾಡಬೇಕಾಗುತ್ತದೆ.

ಹೀಗೆ ಋಣವನ್ನು ಹುಡುಕುತ್ತ ಹೊರಟರೆ ಕೊನೆಯೆಲ್ಲಿ, ಬರ್ಟನ್ ಕೂಡ ಹೌಲಿನ್ ವುಲ್ಫ್ ಮೊದಲಾದವರ ಬ್ಲೂಸಿನಿಂದ ಪಡೆದವರಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವು ಫೋಗರ್ಟಿಯವರದೇ ಇನ್ನೊಂದು ಪ್ರಸಂಗದಲ್ಲಿದೆ. 1970ರಲ್ಲಿ ಅವರು ರಚಿಸಿದ ‘ರನ್ ಥ್ರೂ ದ ಜಂಗಲ್’ ಗೀತೆಯ ಹಕ್ಕುಗಳು ಫ್ಯಾಂಟಸಿ ಎಂಬ ಸಂಸ್ಥೆಯ ಪಾಲಾಗಿದ್ದುವು. 1984ರಲ್ಲಿ ಅವರು ಬೇರೆ ಸಂಸ್ಥೆಗೆ ಹಾಡಿದ ‘ದಿ ಓಲ್ಡ್ ಮ್ಯಾನ್ ಡೌನ್ ದ ರೋಡ್’ ಆ ಹಳೆಯ ಗೀತೆಯ ನಕಲೆಂದು ಸಂಸ್ಥೆಯು ಮೊಕದ್ದಮೆ ಹೂಡಿತು. ತನ್ನನ್ನು ತಾನೇ ಕದ್ದನೆಂಬ ಆರೋಪವನ್ನು ಹೊತ್ತ ಈ ಕಲಾವಿದರು 1988ರಲ್ಲಿ ಸಾಕ್ಷಿಯ ಕಟಕಟೆಗೆ ಗಿಟಾರನ್ನೇ ಒಯ್ದು, ಎರಡನ್ನೂ ನುಡಿಸಿ, ಎರಡರಲ್ಲಿಯೂ ಸಮಾನವಾದದ್ದು ತಮ್ಮ ಶೈಲಿಯೇ ಹೊರತು ಕೃತಿಯಲ್ಲವೆಂಬುದನ್ನು ತೋರಿಸಿಕೊಟ್ಟರು. ಜ್ಯೂರಿಯು ಅವರ ಪರವಾಗಿ ತೀರ್ಪಿತ್ತಿತು. ವಕೀಲರ ವೆಚ್ಚದ ಪ್ರಶ್ನೆ ಅಲ್ಲಿಂದ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕೃತಿಸ್ವಾಮ್ಯದ ವ್ಯಾಜ್ಯಗಳಲ್ಲಿ ಗೆದ್ದ ಪ್ರತಿವಾದಿಗಳನ್ನೂ ಗೆದ್ದ ವಾದಿಗಳಂತೆಯೇ ಕಾಣಬೇಕೆಂದು 1994ರಲ್ಲಿ ಇತ್ಯರ್ಥವಾಯಿತು. ಈ ಪ್ರಸಂಗದಿಂದ ತಿಳಿಯುವ ವಿವೇಕ ಸ್ಪಷ್ಟವಾಗಿದೆ: ಮಂದಗತಿ, ಕಂಪಿತ ನಾದ, ಮಂದ್ರದ ಆವರ್ತನೆ, ಇವು ಒಂದು ಸಂಪ್ರದಾಯದ ಸಾಮಾನ್ಯ ಸೊತ್ತು, ಇವುಗಳಿಗೆ ಒಬ್ಬ ಒಡೆಯನಿಲ್ಲ, ಕೃತಜ್ಞತೆಯೇ ಇವುಗಳಿಗೆ ಸಲ್ಲತಕ್ಕ ಕಪ್ಪ. ಇಂತಹ ಕ್ರಮದಲ್ಲಿ, ಇಂತಹ ಲಯದಲ್ಲಿ ಪೋಣಿಸಿದ ಒಂದು ನಿರ್ದಿಷ್ಟ ಸ್ವರಗುಚ್ಛವಾದರೋ ವ್ಯಕ್ತಿಯೊಬ್ಬರ ರಚನೆ. ಅದಕ್ಕೆ ಹೆಸರೂ ಹಣವೂ ಸಲ್ಲಬೇಕು. ಕೃತಿಸ್ವಾಮ್ಯದ ರೂಢಿಯು ಹಾಡಿನ ಮಾತನ್ನೂ ಗಾಯಕನ ಧಾಟಿಯನ್ನೂ ರಚನೆಯೆಂದು ಗಣಿಸಿ, ವಾದಕನ ಕೊಡುಗೆಯನ್ನು ಕೇವಲ ಕೂಲಿಯ ಕೆಲಸವೆಂದು ಎಣಿಸುತ್ತ ಬಂದದ್ದು, ‘ಸೂಸಿ ಕ್ಯೂ’ವಿನಂತಹ ಗೀತೆಗಳಲ್ಲಿ ನಿಜಸ್ಥಿತಿಯನ್ನು ತಲೆಕೆಳಗು ಮಾಡಿದೆ.

ನನ್ನ ತೀರ್ಮಾನವನ್ನೂ ಮುಚ್ಚಿಡಬೇಕಾದ ಕಾರಣವಿಲ್ಲ. ಜೌಗಿನ ಭಾವವನ್ನು ಸಾಕ್ಷಾತ್ಕರಿಸಿದ್ದರಲ್ಲಿ ಕ್ಯಾಲಿಫೋರ್ನಿಯಾದ ಪಾಠಕ್ಕೇ ಅಗ್ರಸ್ಥಾನ. ಸಂಕ್ಷೇಪದ ಬಲದಲ್ಲಿ 1957ರ ಮುದ್ರಣವನ್ನು ಮೀರಿಸಿದ್ದಿಲ್ಲ. ಸ್ಟೋನ್ಸ್ ಹಾಡಿದ್ದು, ಅವರ ಮುಂದಿನ ಸಾಧನೆಗಳ ಬೆಳಕಿನಲ್ಲಿ ನೋಡಿದರೆ, ಶಿಷ್ಯರ ಅಭ್ಯಾಸದಂತೆ ತೋರುತ್ತದೆ. ಇದನ್ನು ಒಪ್ಪದವರು ಬೇಕಾದಷ್ಟು ಜನ ಇರಬಹುದು, ಇರಲಿ. ನನ್ನ ಬಿನ್ನಹ ಬೇರೆಯದು. ಇಂದು ಹಾಡು ಕೇಳುವುದು ಮೊಬೈಲ್ ಆ್ಯಪುಗಳಲ್ಲಿ. ಅಲ್ಲಿ ಹಾಡಿದವರ ಹೆಸರು ದಪ್ಪಕ್ಷರದಲ್ಲಿಯೂ, ಬರೆದವರ ಹೆಸರು ಹುಡುಕಿದರೆ ಸಿಗುವ ಮೂಲೆಯಲ್ಲಿಯೂ ಇರುತ್ತದೆ. ನುಡಿಸಿದವರ ಹೆಸರಂತೂ ಬಹುಮಟ್ಟಿಗೆ ಇರುವುದೇ ಇಲ್ಲ. ಹಳೆಯ ಆಲ್ಬಮ್ಮುಗಳ ಹಿಂಬದಿಯಲ್ಲಿ ವಾದಕರ ಹೆಸರುಗಳನ್ನು ಓದಿ ಬೆಳೆದ ರಸಿಕರಿಗೆ ಈ ನಷ್ಟವು ತಿಳಿದಿದೆ. ಪಾಠಾಂತರಗಳನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ವಾದಿಸುವ ಉತ್ಸಾಹವುಳ್ಳವರು, ವಾದಕರ ನಾಮನಿರ್ದೇಶವನ್ನು ಪ್ರಕಾಶಕರಿಂದ ಒತ್ತಾಯಿಸಿ ಪಡೆಯುವುದಕ್ಕೆ ಅದರಲ್ಲೊಂದು ಅಂಶವನ್ನು ವಿನಿಯೋಗಿಸಿದಲ್ಲಿ, ಹಾಡಿಗಾಗುವ ಉಪಕಾರವು ಯಾವ ಪಾಠ ಮೇಲೆಂದು ನಿರ್ಣಯಿಸುವುದಕ್ಕಿಂತ ದೊಡ್ಡದಾದೀತು. ಹಾಡುಗಳು ಊರೂರು ಅಲೆಯಲಿ, ಯಾರ ಕೊರಳಿಗಾದರೂ ಒಲಿಯಲಿ. ಅಲೆಯುವ ಹಾಡಿನ ಜೊತೆಗೆ ಅದನ್ನು ಕಟ್ಟಿದವರ ಹೆಸರೂ ಹೋಗುವಂತೆ ನೋಡಿಕೊಳ್ಳುವುದು ಕೇಳುವವರ ಹೊಣೆ.