ಹಡಗು ಹತ್ತಿದ ಕುದುರೆಗಳು

ಆರ್.ಟಿ. ನಗರದಿಂದ ಜೆ.ಸಿ. ನಗರದ ಕಡೆ ಹೋದರೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸಿಗುತ್ತೆ. ಅದರ ಮಾತು ಬಂದರೆ ಎಲ್ಲರೂ ಹೇಳೋದು ಹೈಫಾ ಕಥೆಯನ್ನೇ: 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ನಮ್ಮವರೂ ಭರ್ಜಿ ಹಿಡಿದು, ಕುದುರೆ ಮೇಲೆ ನುಗ್ಗಿ ಊರು ಗೆದ್ದದ್ದು. ನನ್ನನ್ನು ಕಾಡೋದು ಮಾತ್ರ ಅದಕ್ಕೂ ನಾಲ್ಕು ವರ್ಷ ಮುಂಚಿನ ಹಡಗಿನ ಪ್ರಯಾಣ.

1914ರ ಅಕ್ಟೋಬರ್‌ನಲ್ಲಿ ದಳ ಬೆಂಗಳೂರು ಬಿಟ್ಟಿತು. ಮುಂಬೈಯಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೋಗಬೇಕು. ಹಿಂದಿನ ತಿಂಗಳಷ್ಟೇ ಜರ್ಮನಿಯ ಯುದ್ಧನೌಕೆ ಎಮ್ಡೆನ್ ಮದ್ರಾಸಿನ ಮೇಲೆ ಗುಂಡು ಹಾರಿಸಿತ್ತು; ಹಿಂದೂ ಮಹಾಸಾಗರದಲ್ಲಿ ಅದಿನ್ನೂ ಅಡ್ಡಾಡುತ್ತಲೇ ಇತ್ತು. ಸೈನ್ಯ ಸಾಗಿಸೋ ಹಡಗುಗಳಿಗೆ ಅದರ ಭಯ ಬೇರೆ.

ಹೊಟ್ಟೆ ತೊಳೆಸಿದರೆ ಮನುಷ್ಯ ವಾಂತಿ ಮಾಡಿಕೊಂಡು ಹಗುರಾಗ್ತಾನೆ. ಕುದುರೆಗೆ ವಾಂತಿ ಮಾಡೋಕೇ ಬರಲ್ಲ, ಅದರ ದೇಹದ ರಚನೆಯೇ ಹಾಗೆ. ಆ ಕಾಲದ ಹಡಗುಗಳ ಇಕ್ಕಟ್ಟು ಲಾಯದಲ್ಲಿ ಅದು ಮಲಗೋ ಹಾಗೂ ಇರಲಿಲ್ಲ. ಅರಬ್ಬೀ ಸಮುದ್ರ, ಕೆಂಪು ಸಮುದ್ರ ಎರಡನ್ನೂ ನಿಂತೇ ದಾಟಬೇಕು. ಕೆಳಗಿನ ಅಂತಸ್ತಿನ ಸೆಕೆ, ಲದ್ದಿಯ ವಾಸನೆ, ಊದಿಕೊಳ್ಳೋ ಕಾಲುಗಳು. ಮೇವು ನೀರು ಕೊಟ್ಟು, ಲದ್ದಿ ಬಾಚಿ, ಕಾಲು ನೀವೋದು ಸವಾರರ ಪಾಲಿನ ಕೆಲಸ. ಭರ್ಜಿ ಹಿಡಿದ ಚಿತ್ರಗಳಲ್ಲಿ ಈ ಪಾಡು ಕಾಣಿಸೋದೇ ಇಲ್ಲ. ಆದರೆ ಕುದುರೆ ಬದುಕಿ ದಡ ಮುಟ್ಟದಿದ್ದರೆ ಅಶ್ವದಳ ಅನ್ನೋದಾದರೂ ಎಲ್ಲಿಂದ ಬರಬೇಕು?

ಇಳಿದ ಮೇಲೆ ಸೂಯೆಜ್ ಕಾಲುವೆಯ ಕಾವಲು, ಆಮೇಲೆ ಪ್ಯಾಲೆಸ್ತೀನ್. ದಳ ಊರಿಗೆ ಮರಳಿದ್ದು 1920ರಲ್ಲಿ.