ಸೀನಿಯರ್ ಹೇಳಿಕೊಟ್ಟರೆ ಕೆಡುವುದು ಯಾವುದು?

ವಿಜ್ಞಾನ, ಗಣಿತ ಓದುವ ಕಿರಿಯರಿಗೆ ಅದೇ ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ಪಾಠ ಹೇಳಿಕೊಡುವ ವ್ಯವಸ್ಥೆಯನ್ನು ಕಾಲೇಜುಗಳೇ ಅಧಿಕೃತವಾಗಿ ಮಾಡಬೇಕು, ಹೇಳಿಕೊಡುವವರಿಗೆ ಒಂದಿಷ್ಟು ಸಂಭಾವನೆಯನ್ನೂ ಕೊಡಬೇಕು. ಪೀರ್ ಟ್ಯೂಟರ್ ಎಂದು ಕರೆಯುವ ಈ ಕೆಲಸದ ಬಗ್ಗೆ ನಮ್ಮ ಬೇಡಿಕೆ ಇಷ್ಟೇ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ, ಎಲ್ಲಿ ಈ ಮಾತು ಎತ್ತಿದರೂ ಎದುರಿನಿಂದ ಬರುವ ಆಕ್ಷೇಪಗಳು ಹೆಚ್ಚುಕಡಿಮೆ ಅವೇ. ಎಂ.ಎಸ್ಸಿ. ಗಣಿತ ಓದುವಾಗ ಸಂತೆಕಟ್ಟೆಯ ಬಾಡಿಗೆ ಕೋಣೆಯಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಹೇಳಿಕೊಟ್ಟವನಾದ್ದರಿಂದ ಅವನ್ನು ಬೇಕಾದಷ್ಟು ಕೇಳಿದ್ದೇನೆ. ಆಕ್ಷೇಪ ಎತ್ತಿದವರ ಹೆಸರು ಇಲ್ಲಿ ಅಗತ್ಯವಿಲ್ಲ, ಅವರ ಮಾತು ಸಾಕು. ತೂಗಿ ನೋಡುವ ಕೆಲಸ ಓದುಗರದ್ದು.

ಮೊದಲನೆಯ ಮತ್ತು ಅತಿ ಪ್ರೀತಿಯ ಆಕ್ಷೇಪ: ತಾವೇ ಇನ್ನೂ ಕಲಿಯುತ್ತಿರುವವರು ಇನ್ನೊಬ್ಬರಿಗೆ ಏನು ಕಲಿಸಿಯಾರು? ಅರೆಜ್ಞಾನ ಅಪಾಯಕಾರಿ. ಕೇಳಲು ಗಂಭೀರವಾಗಿದೆ. ಆದರೆ ಇದೇ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆದು ಬಂದಿವೆ. ಖಾಸಗಿ ಕಾಲೇಜುಗಳೂ ಈಚೆಗಷ್ಟೇ ಎಂ.ಎಸ್ಸಿ. ಮುಗಿಸಿದವರನ್ನು ಕರೆದು ಕೈಗೆ ಟೈಮ್ ಟೇಬಲ್ ಕೊಡುತ್ತವೆ. ಕೊನೆಯ ಸೆಮಿಸ್ಟರಿನಲ್ಲಿ ‘ನಿನಗೇನು ಗೊತ್ತು’ ಎನ್ನಿಸಿಕೊಂಡ ಹುಡುಗಿ ಫಲಿತಾಂಶ ಬಂದ ಮೇಲೆ ಅದೇ ಸ್ಟಾಫ್ ರೂಮಿನಲ್ಲಿ ‘ಮೇಡಂ’ ಆಗುತ್ತಾಳೆ. ನಡುವಿನ ರಜೆಯಲ್ಲಿ ಅವಳ ತಲೆಗೆ ಇಳಿದ ಹೊಸ ಜ್ಞಾನ ಯಾವುದು? ಅರುವತ್ತು ಮಕ್ಕಳ ಒಂದಿಡೀ ಸೆಮಿಸ್ಟರನ್ನು ಕಣ್ಣು ಮಿಟುಕಿಸದೆ ಅವಳಿಗೆ ಒಪ್ಪಿಸುವವರಿಗೆ, ಅವಳು ಮೂರು ತಿಂಗಳ ಹಿಂದೆ ಒಬ್ಬ ಹುಡುಗನಿಗೆ ಅಧ್ಯಾಪಕರ ಕಣ್ಣಳತೆಯಲ್ಲೇ ಒಂದು ಗಂಟೆ ಕಲನಶಾಸ್ತ್ರ ಹೇಳಿಕೊಟ್ಟರೆ ಮಾತ್ರ ಅರೆಜ್ಞಾನದ ಅಪಾಯ ಕಾಣುತ್ತದೆ.

ಹೋಗಲಿ, ಅರೆಜ್ಞಾನವೆಂದೇ ಇಟ್ಟುಕೊಳ್ಳೋಣ. ಕಲಿಯುವವನಿಗೆ ಅದರಿಂದ ಆಗುವ ನಷ್ಟವೇನು ಎಂದು ಒಂದು ಲೆಕ್ಕದಲ್ಲೇ ನೋಡಬಹುದು. ಎಕ್ಸ್‌ನ ಘಾತ ಎಕ್ಸ್ ಎಂಬ ಫಲನದ ಅವಕಲನ ಕಂಡುಹಿಡಿಯಲು ಹೇಳಿ. ಮೊದಲ ವರ್ಷದ ಒಬ್ಬ ಘಾತವನ್ನು ಸ್ಥಿರವೆಂದು ಭಾವಿಸಿ ಘಾತದ ಸೂತ್ರ ಹಾಕುತ್ತಾನೆ. ಪಕ್ಕದವಳು ಆಧಾರವನ್ನು ಸ್ಥಿರವೆಂದು ಭಾವಿಸಿ ಲಾಗರಿದಮ್ ಬರುವ ಸೂತ್ರ ಹಾಕುತ್ತಾಳೆ. ಇಬ್ಬರದೂ ತಪ್ಪು. ನುರಿತ ಪ್ರಾಧ್ಯಾಪಕರು ‘ಎರಡೂ ಕಡೆ ಲಾಗ್ ತಗೊಳ್ಳಿ’ ಎಂದು ಬೋರ್ಡಿನ ಮೇಲೆ ಸರಿಯುತ್ತರ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅವರು ಈ ತಪ್ಪು ಮಾಡಿ ಎಷ್ಟೋ ಕಾಲವಾಗಿರುತ್ತದೆ, ಈ ತಪ್ಪು ದಾರಿ ಸರಿಯಾಗಿ ಕಾಣಬಹುದೆಂಬುದೂ ಅವರಿಗೆ ಮರೆತಿರುತ್ತದೆ. ಕಳೆದ ವರ್ಷವಷ್ಟೇ ಅಲ್ಲಿ ಎಡವಿದ ಸೀನಿಯರ್ ಪುಸ್ತಕದ ಆ ಸಾಲಿಗೆ ಬೆರಳಿಟ್ಟು ‘ಘಾತ ಅಲ್ಲಾಡದೆ ನಿಂತಿದೆ ಅಂತ ಯಾಕೆ ಅಂದ್ಕೊಂಡೆ?’ ಎಂದು ಕೇಳುತ್ತಾನೆ. ಆಮೇಲೆ ಆ ಎರಡು ತಪ್ಪು ಉತ್ತರಗಳನ್ನು ಕೂಡಿಸಲು ಹೇಳುತ್ತಾನೆ. ಕೂಡಿಸಿದರೆ ಬರುವುದು ಸರಿಯುತ್ತರ! ಎಕ್ಸ್ ಎರಡು ಕಡೆ ಕುಳಿತಿದೆ, ಎರಡು ಕಡೆಯೂ ಬದಲಾಗುತ್ತಿದೆ, ಒಬ್ಬೊಬ್ಬರು ಒಂದೊಂದು ಬದಲಾವಣೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದರು, ಅಷ್ಟೆ. ಈ ಪಾಠ ಲಾಗ್ ತೆಗೆದುಕೊಂಡು ಮುಂದೆ ಹೋದವರಿಗೆ ಸಿಗುವುದಿಲ್ಲ.

ಇದು ನನ್ನ ಕೋಣೆಯ ಅನುಭವ ಮಾತ್ರವೆಂದು ತಳ್ಳಿಹಾಕುವವರು ಇದ್ದಾರೆ. ಅವರು ಹೊರಗಿನ ಅಧ್ಯಯನಗಳನ್ನೂ ನೋಡಲಿ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಪದವಿ ತರಗತಿಯೊಂದರಲ್ಲಿ, ತಳಿವಿಜ್ಞಾನದ ಪಾಠದ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಚರ್ಚಿಸಿದ ಮೇಲೆ, ಅದೇ ತತ್ತ್ವದ ಹೊಸ ಪ್ರಶ್ನೆಗೆ ಮೊದಲಿಗಿಂತ ಚೆನ್ನಾಗಿ ಉತ್ತರಿಸಿದರು. ಗುಂಪಿನಲ್ಲಿ ಒಬ್ಬರಿಗೂ ಮೊದಲು ಸರಿಯುತ್ತರ ಗೊತ್ತಿಲ್ಲದಿದ್ದಾಗಲೂ ಹೀಗಾಗಿತ್ತು. ಅಂದರೆ ಅರೆಜ್ಞಾನವೂ ಬೇಕಿರಲಿಲ್ಲ, ಅಜ್ಞಾನಿಗಳ ಪ್ರಾಮಾಣಿಕ ಜಗಳವೇ ಸಾಕಾಯಿತು. ಬರ್ಕ್ಲಿಯಲ್ಲಿ ಯೂರಿ ಟ್ರೈಸ್‌ಮನ್ 1970ರ ದಶಕದ ಕೊನೆಗೆ ನೋಡಿದ್ದೂ ಇಂಥದ್ದೇ. ಕಲನಶಾಸ್ತ್ರದಲ್ಲಿ ಸೋಲುತ್ತಿದ್ದ ಕರಿಯ ವಿದ್ಯಾರ್ಥಿಗಳು ಸೋಮಾರಿಗಳೂ ಅಲ್ಲ, ದಡ್ಡರೂ ಅಲ್ಲ. ಅವರು ಒಂಟಿಯಾಗಿ ಓದುತ್ತಿದ್ದರು. ಗೆಲ್ಲುತ್ತಿದ್ದ ಚೀನೀ ಮೂಲದವರು ಸಂಜೆ ಒಟ್ಟಿಗೆ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ಸೋಲುವವರಿಗೆ ಸುಲಭದ ಲೆಕ್ಕ ಕೊಡಲಿಲ್ಲ. ಕಷ್ಟದ ಲೆಕ್ಕ ಕೊಟ್ಟು ಒಟ್ಟಿಗೆ ಕೂರಿಸಿದರು, ಫಲಿತಾಂಶ ತಿರುಗಿತು.

ಎರಡನೆಯದು ಮಾನದ ಪ್ರಶ್ನೆ. ಮಾಷ್ಟ್ರು ಸರಿಯಾಗಿ ಪಾಠ ಮಾಡಿದರೆ ಇದೆಲ್ಲ ಯಾಕೆ ಬೇಕು, ಇದು ಅಧ್ಯಾಪಕರಿಗೆ ಅವಮಾನ ಎನ್ನುತ್ತಾರೆ. ಒಂದು ತರಗತಿಗೆ ಅರುವತ್ತು ಮಕ್ಕಳು, ಪಿರಿಯಡ್ ಐವತ್ತೈದು ನಿಮಿಷ. ಹಾಜರಿ ಕರೆದು ಮುಗಿಸುವಷ್ಟರಲ್ಲೇ ತಲೆಗೊಂದು ನಿಮಿಷವೂ ಉಳಿದಿರುವುದಿಲ್ಲ. ಇದು ಭಾಗಾಕಾರದ ಮಾತು, ಇದರಲ್ಲಿ ಯಾರ ಮಾನವೂ ಹೋಗುವುದಿಲ್ಲ. ಇನ್ನು, ದುಡ್ಡು ತೆಗೆದುಕೊಂಡು ಸಂಜೆ ಟ್ಯೂಷನ್ ಹೇಳುವವರಿಂದ ಈ ಮಾನಕ್ಕೆ ಎಂದೂ ಧಕ್ಕೆಯಾದಂತಿಲ್ಲ. ತಮ್ಮ ಮಕ್ಕಳನ್ನು ಎಂಟನೇ ಕ್ಲಾಸಿನಿಂದಲೇ ಕೋಚಿಂಗಿಗೆ ಹಾಕುವಾಗ, ಆ ಶಾಲೆಯ ಮಾಷ್ಟ್ರಿಗೆ ಅವಮಾನವಾಯಿತೆಂದು ಇವರಲ್ಲಿ ಯಾರಾದರೂ ಕೊರಗಿದ್ದುಂಟೇ? ‘ನಮ್ಮ ಬಾಗಿಲು ಸದಾ ತೆರೆದೇ ಇದೆ, ಯಾರೂ ಸಂಶಯ ಕೇಳಲು ಬರುವುದಿಲ್ಲ’ ಎಂಬ ಮಾತನ್ನು ಇವರು ಸಾಕ್ಷಿಯಾಗಿ ಮುಂದಿಡುತ್ತಾರೆ. ಸಾಕ್ಷಿ ಹೌದು, ಆದರೆ ನಮ್ಮ ಪರವಾಗಿ. ಯಾಕೆ ಹೋಗುವುದಿಲ್ಲ ಎಂದು ಹೆಬ್ರಿ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬನನ್ನು ಕೇಳಿದ್ದೆ. ‘ಸರ್ ಹತ್ರ ಕೇಳ್ಲಿಕ್ಕೆ ಹೆದರಿಕೆ ಆಗ್ತದೆ ಅಣ್ಣ. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿ ಉಂಟಲ್ಲ’ ಎಂದ. ಅಂಕ ಕೊಡುವವರ ಎದುರಿಗೇ ತನ್ನ ಅಜ್ಞಾನ ಒಪ್ಪಿಕೊಳ್ಳಬೇಕಾದ ಸ್ಥಿತಿಯಲ್ಲಿ ಬುದ್ಧಿವಂತ ಸುಮ್ಮನಿರುತ್ತಾನೆ. ಸೀನಿಯರ್ ಕೈಯಲ್ಲಿ ಅಂಕಪಟ್ಟಿ ಇಲ್ಲ. ಅವನ ಹತ್ತಿರ ‘ಡಿಟರ್ಮಿನೆಂಟ್ ಅಂದ್ರೆ ಎಂತ’ ಎಂದು ಮೂರನೇ ಸೆಮಿಸ್ಟರಿನಲ್ಲೂ ಕೇಳಬಹುದು. ಕನ್ನಡದಲ್ಲಿ ಕೇಳಬಹುದು, ತುಳುವಿನಲ್ಲೂ ಕೇಳಬಹುದು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ಸಣ್ಣ ಅನುಕೂಲವಲ್ಲ. ಗುರುಕುಲದ ಹೆಸರೆತ್ತುವವರಿಗೂ ಒಂದು ನೆನಪೋಲೆ: ಹಳಬರ ಲೆಕ್ಕದಲ್ಲಿ ಗುರುವಿನಿಂದ ಬರುವ ವಿದ್ಯೆ ಕಾಲು ಪಾಲು, ಜೊತೆಯಲ್ಲಿ ಓದುವವರಿಂದ ಬರುವುದೂ ಕಾಲು ಪಾಲೇ. ಸಂಪ್ರದಾಯದ ಪರ ವಾದಿಸುವವರು ಸಂಪ್ರದಾಯ ಬಲ್ಲವರಾಗಿದ್ದರೆ ಚೆನ್ನಿತ್ತು.

ಇನ್ನು ಅಸೈನ್‌ಮೆಂಟ್ ವಿಚಾರ. ಸೀನಿಯರ್‌ಗಳು ಜೂನಿಯರ್‌ಗಳ ಅಸೈನ್‌ಮೆಂಟ್, ರೆಕಾರ್ಡ್ ಬರೆದುಕೊಡುತ್ತಾರೆ, ಕಾಪಿ ಹೆಚ್ಚುತ್ತದೆ ಎಂಬ ಭಯ. ಇದನ್ನು ಮೊದಲನೆಯ ಆಕ್ಷೇಪದ ಪಕ್ಕದಲ್ಲಿಟ್ಟು ಓದಿ ನೋಡಿ. ಅಲ್ಲಿ ಸೀನಿಯರ್‌ಗೆ ಏನೂ ಗೊತ್ತಿರಲಿಲ್ಲ, ಇಲ್ಲಿ ಎಲ್ಲರ ಅಸೈನ್‌ಮೆಂಟನ್ನೂ ಸರಿಯಾಗಿ ಬರೆದುಕೊಡುವಷ್ಟು ಪಂಡಿತನಾಗಿಬಿಟ್ಟ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ. ಇನ್ನು ರೆಕಾರ್ಡ್ ಪುಸ್ತಕದ ಪಾವಿತ್ರ್ಯದ ಬಗ್ಗೆ ಮಾತಾಡುವುದಾದರೆ, ವಿಜ್ಞಾನ ಪದವಿ ಓದಿದ ಯಾರನ್ನಾದರೂ ಕೇಳಿ. ಲ್ಯಾಬಿನಲ್ಲಿ ಲೋಲಕ ತೂಗಿದ್ದು ಒಂದು ಲೆಕ್ಕಕ್ಕೆ, ರೆಕಾರ್ಡಿನಲ್ಲಿ ಗುರುತ್ವದ ‘ಜಿ’ಯ ಬೆಲೆ ಪ್ರತಿ ವರ್ಷವೂ ತಪ್ಪದೆ 980ರ ಆಸುಪಾಸಿಗೇ ಬರುತ್ತದೆ, ಕಳೆದ ಬ್ಯಾಚಿನ ರೆಕಾರ್ಡು ಇರುವತನಕ ಬರುತ್ತಲೇ ಇರುತ್ತದೆ. ಪೀರ್ ಟ್ಯೂಟರ್ ಎಂಬ ಪ್ರಾಣಿಯೇ ಇಲ್ಲದ ಕಾಲೇಜುಗಳಲ್ಲಿ ಇದು ಸಾಂಗವಾಗಿ ನಡೆದಿದೆ, ಸಹಿಯೂ ಬಿದ್ದಿದೆ. ಹೇಳಿಕೊಡುವ ಕೆಲಸ ಗಂಭೀರವಾಗಿ ನಡೆಯುವಲ್ಲಿ ಮೊದಲ ನಿಯಮ ಒಂದೇ: ಪೆನ್ನು ಕಲಿಯುವವನ ಕೈಯಲ್ಲೇ ಇರಬೇಕು. ಹೇಳಿಕೊಡುವವನು ಪ್ರಶ್ನೆ ಕೇಳಬಹುದು, ಬೇರೆ ಹಾಳೆಯಲ್ಲಿ ಇನ್ನೊಂದು ಉದಾಹರಣೆ ಮಾಡಿ ತೋರಿಸಬಹುದು, ಅಸೈನ್‌ಮೆಂಟಿನ ಹಾಳೆಯನ್ನು ಮುಟ್ಟುವಂತಿಲ್ಲ. ಕದ್ದು ಬರೆಯುವವನಿಗೆ ವಾಟ್ಸಾಪಿನಲ್ಲಿ ಬಂದ ಫೋಟೊ ಸಾಕು. ‘ಈ ಸಾಲು ಹೇಗೆ ಬಂತು ಹೇಳು’ ಎಂದು ಕೇಳುವವರ ಎದುರು ಬಂದು ಒಂದು ಗಂಟೆ ಬೆವರುವ ಕಷ್ಟ ಅವನಿಗೇಕೆ?

ಯೂಟ್ಯೂಬಿನಲ್ಲಿ ಎಲ್ಲ ಉಂಟು, ಈಗ ಎಐ ಕೂಡ ಉಂಟು ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ವಿಡಿಯೊಗೆ ನಿಮ್ಮ ಪುಸ್ತಕದ ಮೂರನೇ ಸಾಲಿನಲ್ಲಿ ಬಿಟ್ಟುಹೋದ ಋಣಚಿಹ್ನೆ ಕಾಣುವುದಿಲ್ಲ. ಎಐ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಹುಡುಗನ ತೊಂದರೆಯೇ ಏನು ಕೇಳಬೇಕೆಂದು ಗೊತ್ತಿಲ್ಲದಿರುವುದು.

ನಮ್ಮ ಜಿಲ್ಲೆಯ ಅಭಿಮಾನಿಗಳದ್ದು ಬೇರೆ ರಾಗ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಶೇ. 93.90 ಪಡೆದು ರಾಜ್ಯಕ್ಕೇ ಮೊದಲು, ಇಂಥ ಮಕ್ಕಳಿಗೆ ಕೈಹಿಡಿದು ನಡೆಸುವವರು ಯಾಕೆ ಎನ್ನುತ್ತಾರೆ. ಅಂಕಿ ನಿಜ, ಹೆಮ್ಮೆಯೂ ನಿಜ. ಆದರೆ ಪಿಯುಸಿಯ ಪರೀಕ್ಷೆ ಅಳೆದದ್ದು ಪಿಯುಸಿಯನ್ನು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಅರೆದು ಕುಡಿದವರಿಗೆ ಪದವಿಯ ಮೊದಲ ತಿಂಗಳಲ್ಲೇ ಎಪ್ಸಿಲಾನ್, ಡೆಲ್ಟಾ ಎದುರಾಗುತ್ತವೆ. ಅಲ್ಲಿ ‘ಕಂಡುಹಿಡಿಯಿರಿ’ ಹೋಗಿ ‘ಸಾಧಿಸಿ’ ಬರುತ್ತದೆ. ನೂರಕ್ಕೆ ತೊಂಬತ್ತೈದು ತೆಗೆದವಳು ಮೊದಲ ಇಂಟರ್ನಲ್‌ನಲ್ಲಿ ಅರ್ಧವೂ ದಾಟದೆ, ತನಗೆ ಗಣಿತವೇ ಬಾರದು ಎಂದು ತೀರ್ಮಾನಿಸುವುದು ಈ ಹಂತದಲ್ಲೇ. ಅಂದಹಾಗೆ ಆ ಶೇ. 93.90ರ ಹಿಂದೆ ಎಷ್ಟು ಮನೆಗಳ ಟ್ಯೂಷನ್ ಫೀಸು ಇದೆ ಎಂಬುದನ್ನು ಅಭಿಮಾನಿಗಳು ಹೇಳುವುದಿಲ್ಲ. ಟ್ಯೂಷನ್ ಬಲದಿಂದ ಬಂದ ಸ್ಥಾನವನ್ನು, ಹೇಳಿಕೊಡುವವರು ಬೇಡವೆಂಬುದಕ್ಕೆ ಆಧಾರ ಮಾಡುವುದು ಧೈರ್ಯದ ಕೆಲಸವೇ ಸರಿ.

ಸಿಲೆಬಸ್ ಬದಲಾಗಿದೆ, ಸೀನಿಯರ್ ಓದಿದ್ದು ಬೇರೆ ಎಂಬ ಆಕ್ಷೇಪ ಈಚಿನದು. ಬದಲಾದದ್ದು ಹೌದು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಬಂತು, 2024-25ಕ್ಕೆ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪೇಪರಿನ ಸಂಖ್ಯೆ, ಕ್ರೆಡಿಟ್ಟು, ಹೆಸರು ಎಲ್ಲ ಅದಲುಬದಲಾದವು. ಲೈಬ್ನಿಟ್ಸ್‌ನ ಗುಣಾಕಾರ ನಿಯಮ ಮಾತ್ರ ಯಾವ ಸರ್ಕಾರದ ಆದೇಶಕ್ಕೂ ಕಾಯಲಿಲ್ಲ. ಹಾಗೆ ನೋಡಿದರೆ ಅಧ್ಯಾಪಕರು ಓದಿದ ಸಿಲೆಬಸ್ ಇನ್ನೂ ಹಳೆಯದು. ಈ ತರ್ಕದಂತೆ ಮೊದಲು ಕೋಣೆಯಿಂದ ಹೊರಗೆ ಹೋಗಬೇಕಾದವರು ಯಾರು?

ಇದು ಪಾಶ್ಚಾತ್ಯರ ಅನುಕರಣೆ ಎಂದೂ ಕೇಳಿದ್ದೇನೆ. ಸ್ಕಾಟ್ಲೆಂಡಿನ ಆಂಡ್ರ್ಯೂ ಬೆಲ್ 1789ರಿಂದ ಮದ್ರಾಸಿನ ಎಗ್ಮೋರಿನಲ್ಲಿ ಅನಾಥಾಲಯದ ಶಾಲೆ ನೋಡಿಕೊಳ್ಳುತ್ತಿದ್ದ. ನಮ್ಮವರ ಶಾಲೆಯೊಂದರಲ್ಲಿ ಮಕ್ಕಳು ಮರಳ ಮೇಲೆ ಅಕ್ಷರ ತಿದ್ದುವುದನ್ನು ಕಂಡು ತನ್ನ ಶಾಲೆಗೂ ತಂದ, ಹೇಳಿಕೊಡಲು ಮಕ್ಕಳನ್ನೇ ನಿಲ್ಲಿಸಿದ. 1797ರಲ್ಲಿ ಈ ಬಗ್ಗೆ ಅವನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಈ ಕ್ರಮಕ್ಕೆ ಇಂಗ್ಲೆಂಡಿನಲ್ಲಿ ಬಿದ್ದ ಹೆಸರೇ ಮದ್ರಾಸ್ ಪದ್ಧತಿ. ನಮ್ಮ ಐಗಳ ಮಠಗಳಲ್ಲೂ ಮರಳ ಮೇಲೆಯೇ ಅಕ್ಷರಾಭ್ಯಾಸ ನಡೆಯುತ್ತಿತ್ತು. ಬೆಲ್‌ನ ಶಾಲೆಯಲ್ಲಿ ಕಂಠಪಾಠ ಹೆಚ್ಚು, ನಾವು ಕೇಳುತ್ತಿರುವುದು ಅದನ್ನಲ್ಲ. ಆದರೆ ಇಲ್ಲಿಂದ ಹಡಗು ಹತ್ತಿದ್ದನ್ನು ಪರದೇಶದ ಸರಕೆಂದು ಬಂದರಿನಲ್ಲಿ ತಡೆಯುವವರಿಗೆ ಈ ಇತಿಹಾಸ ಗೊತ್ತಿರಲಿ.

ಸಂಭಾವನೆಯ ಮಾತು ಬಂದಾಗ ಆಕ್ಷೇಪಕರು ಎರಡು ದೋಣಿಯಲ್ಲಿ ಕಾಲಿಡುತ್ತಾರೆ. ದುಡ್ಡು ಕೊಟ್ಟರೆ ವಿದ್ಯೆ ವ್ಯಾಪಾರವಾಗುತ್ತದೆ. ಕೊಡದಿದ್ದರೆ ಪುಕ್ಕಟೆ ಕೆಲಸಕ್ಕೆ ಜವಾಬ್ದಾರಿ ಇರುವುದಿಲ್ಲ, ಆದ್ದರಿಂದ ಪದ್ಧತಿಯೇ ಬೇಡ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂತೆಕಟ್ಟೆಯಿಂದ ದಕ್ಷಿಣಕ್ಕೆ, ಕಾಪು, ಮೂಲ್ಕಿ ದಾಟಿ ಹೋದರೆ ಸುರತ್ಕಲ್‌ನ ಎನ್‌ಐಟಿಕೆ ಸಿಗುತ್ತದೆ. ಇಂಥ ಕೇಂದ್ರ ಸಂಸ್ಥೆಗಳಲ್ಲಿ ಗೇಟ್ ಪರೀಕ್ಷೆ ಬರೆದು ಎಂ.ಟೆಕ್. ಸೇರಿದವರಿಗೆ ಸರ್ಕಾರ ತಿಂಗಳಿಗೆ 12,400 ರೂಪಾಯಿ ಕೊಡುತ್ತದೆ. ಪ್ರತಿಯಾಗಿ ವಾರಕ್ಕೆ 8 ಗಂಟೆ ಕಿರಿಯರ ಟ್ಯುಟೋರಿಯಲ್, ಲ್ಯಾಬುಗಳಲ್ಲಿ ದುಡಿಯಬೇಕು. ಅಲ್ಲಿ ವಿದ್ಯೆ ವ್ಯಾಪಾರವಾಗಿ ಸಂಸ್ಥೆ ಮುಳುಗಿದ ಸುದ್ದಿ ಇಲ್ಲ. ಎಂ.ಟೆಕ್.ನವರಿಗೆ ಗೌರವಧನವಾಗುವುದು ಎಂ.ಎಸ್ಸಿ.ಯವರಿಗೆ ಲಂಚವಾಗುವುದು ಹೇಗೆಂದು ತಿಳಿಸಿದರೆ ಉಪಕಾರ.

ಹೇಳಿಕೊಡುವವರ ಓದು ಹಾಳಾಗುತ್ತದೆ ಎಂಬ ಕಾಳಜಿಗೆ ನಾನು ತಲೆಬಾಗುತ್ತೇನೆ. ಕಾಲೇಜ್ ಫೆಸ್ಟಿಗೆ ಕುರ್ಚಿ ಹೊರಲು, ಅತಿಥಿಗಳಿಗೆ ಹೂಗುಚ್ಛ ಹಿಡಿದು ನಿಲ್ಲಲು ಅದೇ ವಿದ್ಯಾರ್ಥಿಗಳನ್ನು ವಾರಗಟ್ಟಲೆ ಕ್ಲಾಸಿನಿಂದ ಎಬ್ಬಿಸುವಾಗ ಈ ಕಾಳಜಿ ಎಲ್ಲಿ ಹೋಗಿತ್ತೆಂದು ಮಾತ್ರ ತಿಳಿಯದು. ಕೋಹೆನ್ ಮತ್ತು ಕುಲಿಕ್ ದಂಪತಿ 1982ರಲ್ಲಿ 65 ಅಧ್ಯಯನಗಳನ್ನು ಒಟ್ಟುಮಾಡಿ ತೂಗಿದಾಗ ಹೇಳಿಸಿಕೊಂಡವರಷ್ಟೇ ಅಲ್ಲ, ಹೇಳಿಕೊಟ್ಟವರೂ ಆ ವಿಷಯದಲ್ಲಿ ಮೇಲೇರಿದ್ದು ಕಂಡಿತು. ಅವು ಶಾಲಾ ಮಕ್ಕಳ ಅಧ್ಯಯನಗಳು, ಒಪ್ಪಿದೆ. ಆದರೆ ಏಕರೂಪ ಸಾತತ್ಯವನ್ನು ಇನ್ನೊಬ್ಬರಿಗೆ ವಿವರಿಸಲು ಹೊರಟು ಮಧ್ಯದಲ್ಲಿ ಮಾತು ಕಟ್ಟಿದವನಿಗೆ, ತನಗೇ ಅದು ಗೊತ್ತಿಲ್ಲವೆಂದು ಪರೀಕ್ಷೆಗೆ ಮೊದಲೇ ತಿಳಿಯುತ್ತದೆ. ಇದು ನಷ್ಟವೆನ್ನುವವರಿಗೆ ಪರೀಕ್ಷೆಯ ಹಾಲ್‌ನಲ್ಲಿ ತಿಳಿಯುವುದೇ ಲಾಭ ಇರಬೇಕು.

ಹುಡುಗ ಹುಡುಗಿ ಒಟ್ಟಿಗೆ ಕೂತರೆ ಜನ ಏನೆಂದುಕೊಳ್ಳುತ್ತಾರೆ ಎಂಬ ಪಿಸುಮಾತಿಗೂ ಒಂದು ಸಾಲು. ಲೈಬ್ರರಿಯ ತೆರೆದ ಹಾಲ್‌ನಲ್ಲಿ, ಎಲ್ಲರ ಕಣ್ಣೆದುರು, ನಮೂದಾದ ಸಮಯಕ್ಕೆ ಕೂರಿಸಿ ಎಂದೇ ನಾವು ಕೇಳುತ್ತಿರುವುದು. ಅಧಿಕೃತ ಜಾಗ ಕೊಡದೆ ಬಾಡಿಗೆ ಕೋಣೆಗಳಿಗೆ ಅಟ್ಟುತ್ತಿರುವವರು ನೀವು.

ಎಲ್ಲ ಆಕ್ಷೇಪಗಳೂ ಮುಗಿದಾಗ ಕೊನೆಯ ಅಸ್ತ್ರ ಹೊರಬರುತ್ತದೆ: ತತ್ತ್ವಶಃ ಒಪ್ಪಿದೆ, ಆದರೆ ಕಾಲ ಪಕ್ವವಾಗಿಲ್ಲ, ಒಂದು ಸಮಿತಿ ಮಾಡುವ. ಸ್ವಾರಸ್ಯವೆಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ವರದಿ ಬರೆಯುವ ಹೊತ್ತಿಗೆ ಕಾಲ ತಾನಾಗಿ ಪಕ್ವವಾಗುತ್ತದೆ. ಕಲಿಕೆಯಲ್ಲಿ ಹಿಂದುಳಿದವರಿಗೂ ಮುಂದಿರುವವರಿಗೂ ಏನು ಮಾಡುತ್ತೀರಿ ಎಂಬ ಕಲಮಿನ ಎದುರು ‘ಪೀರ್ ಟೀಚಿಂಗ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ, ಪಕ್ಕದಲ್ಲಿ ನಾಲ್ಕು ಮಕ್ಕಳು ಬೋರ್ಡಿನ ಮುಂದೆ ನಿಂತ ಫೋಟೊವೂ ಇರುತ್ತದೆ. ವರದಿಯಲ್ಲಿ ಈಗಾಗಲೇ ನಡೆಯುತ್ತಿರುವುದನ್ನು ಶುರುಮಾಡಲು ಸಮಿತಿ ಯಾಕೆ? ಸೆಮಿಸ್ಟರ್ ಎಂದರೆ ಹೆಚ್ಚುಕಡಿಮೆ ನಾಲ್ಕು ತಿಂಗಳು. ಈ ಜೂನ್-ಜುಲೈಯಲ್ಲಿ ಮೊದಲ ವರ್ಷಕ್ಕೆ ಸೇರುವ ಹುಡುಗಿಗಾಗಿ ರಚಿಸಿದ ಸಮಿತಿ ಮೊದಲ ಸಭೆಗೆ ದಿನ ಗೊತ್ತುಮಾಡುವಷ್ಟರಲ್ಲಿ ಅವಳು ಮೊದಲ ಇಂಟರ್ನಲ್ ಬರೆದಿರುತ್ತಾಳೆ, ವರದಿ ಕೊಡುವಷ್ಟರಲ್ಲಿ ಬ್ಯಾಕ್ ಪೇಪರಿಗೆ ಫೀಸು ಕಟ್ಟಿರುತ್ತಾಳೆ.