ಒಪ್ಪಿಗೆ ಯಾರದು?



ಕ್ಯಾಮೆರಾ ಅಳವಡಿಸಿದ ಸ್ಮಾರ್ಟ್ ಕನ್ನಡಕವನ್ನು ಲೋಕವು ಒಪ್ಪಿಕೊಂಡಿತೆಂದು ಹೇಳಲಾಗುತ್ತಿದೆ. ಒಪ್ಪಿದವರಾರು? 2013ರಲ್ಲಿ ಗೂಗಲ್ ಸಂಸ್ಥೆಯು 1500 ಡಾಲರಿನ ‘ಗ್ಲಾಸ್’ ಎಂಬುದನ್ನು ಅಮೆರಿಕದಲ್ಲಿ ಹೊರತಂದಾಗ ಜನರು ಸಿಡಿಮಿಡಿಗೊಂಡರು; ಸಿಯಾಟಲ್ ನಗರದ ಕೆಫೆಯೊಂದು ಅದನ್ನು ನಿಷೇಧಿಸಿತು. 2015ರ ಜನವರಿಯಲ್ಲಿ ಜನಸಾಮಾನ್ಯರಿಗೆ ಅದರ ಮಾರಾಟವೇ ನಿಂತಿತು.

ಅಂದಿನ ಆಕ್ಷೇಪಣೆಗೆ ಇಂದು ಸಮಾಧಾನ ದೊರೆತಿದೆಯೇ? ಇಲ್ಲ, ಉಪಕರಣವು ವೇಷ ಮರೆಸಿಕೊಂಡಿದೆ, ಅಷ್ಟೆ. 2023ರಲ್ಲಿ ಹುಟ್ಟಿ 2025ರಲ್ಲಿ ಭಾರತಕ್ಕೂ ಬಂದ ರೇ-ಬ್ಯಾನ್ ಮೆಟಾ, ನೋಡುವವರಿಗೆ ಸಾಧಾರಣ ಕನ್ನಡಕವೇ. ಚಿತ್ರೀಕರಿಸುವಾಗ ಸಣ್ಣ ದೀಪವೊಂದು ಬೆಳಗುವುದು ನಿಜ. ಆದರೆ ದೀಪ ಉರಿಸುವುದು ಅನುಮತಿ ಕೇಳಿದಂತಾಗದು. 2024ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಇದಕ್ಕೆ ಮುಖಚಹರೆ ಗುರುತಿಸುವ ವ್ಯವಸ್ಥೆಯನ್ನು ಜೋಡಿಸಿ, ದಾರಿಹೋಕರ ಹೆಸರು ಮುಂತಾದ ವಿವರಗಳನ್ನು ಹೊರತೆಗೆಯಬಹುದೆಂದು ಎಚ್ಚರಿಕೆಗಾಗಿಯೇ ತೋರಿಸಿಕೊಟ್ಟರು.

ಅಂಧರಿಗೆ ಬರಹವನ್ನು ಓದಿ ಹೇಳುವ ಇದರ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಅದಕ್ಕಾಗಿ ಧರಿಸುವವರಿಗೆ ಅವಕಾಶವಿರಲಿ. ಉಳಿದವರಿಗೆ ಮನೆ, ಶಾಲೆ, ಆಸ್ಪತ್ರೆಗಳ ಹೊಸ್ತಿಲಲ್ಲಿಯೇ “ತೆಗೆದಿಟ್ಟು ಬನ್ನಿರಿ” ಎನ್ನಲು ಸಂಕೋಚಪಡಬೇಡಿರಿ. ಕೊಂಡವನ ಒಪ್ಪಿಗೆ ಒಂದು, ಅವನ ಕಣ್ಣಿಗೆ ಬಿದ್ದವರ ಒಪ್ಪಿಗೆ ಇನ್ನೊಂದು. ಎರಡನೆಯದನ್ನು ಇನ್ನೂ ಯಾರೂ ಕೇಳಿಲ್ಲ. ಕೇಳದೆಯೇ ಕೊಟ್ಟವರು ನಾವಾಗದಿರೋಣ.